ಮೂಳೆ ಕಟ್ಟುವವನೋ, ಡಾಕ್ಟರೋ?

ಕಬಡ್ಡಿ ಆಡುವಾಗ ಮಂಡಿ ಹೊರಳಿತು, ಕ್ರಿಕೆಟ್ ಆಡುತ್ತಾ ಬಿದ್ದು ಮೊಣಕೈ ಊದಿಕೊಂಡಿತು ಎಂದರೆ ಸಾಕು, ಮನೆಯಲ್ಲಿ ಎರಡು ಪಕ್ಷಗಳು ಹುಟ್ಟಿಕೊಳ್ಳುತ್ತವೆ. ಒಂದು ಆಸ್ಪತ್ರೆಯ ಕಡೆ. ಇನ್ನೊಂದು ಊರಿನ ನಾಟಿ ವೈದ್ಯರ ಕಡೆ, ಇಲ್ಲವೇ ತಿರುಪತಿ ಸಮೀಪದ ಪುತ್ತೂರಿನ ಕಟ್ಟಿನ ಕಡೆ. ಇದು ನಮ್ಮ ಅಜ್ಞಾನವೆಂದು ಮೂಗು ಮುರಿಯುವವರಿದ್ದಾರೆ. ಆದರೆ ನೂರು ವರ್ಷಗಳ ಹಿಂದೆ ಇಂಗ್ಲೆಂಡಿನ ಫುಟ್‌ಬಾಲ್ ಆಟಗಾರನೂ ಇದೇ ಇಕ್ಕಟ್ಟಿನಲ್ಲಿದ್ದ.

ಅಲ್ಲಿ ಮೂಳೆ ಕಟ್ಟುವುದು ಹೆಚ್ಚಾಗಿ ಮನೆತನದ ಕಸುಬು. ಓದಿದ ವೈದ್ಯರಿಗೆ ಇವರನ್ನು ಕಂಡರಾಗದು. ಹಾಗಿದ್ದೂ 1867ರಲ್ಲಿ ಹೆಸರಾಂತ ಶಸ್ತ್ರವೈದ್ಯ ಜೇಮ್ಸ್ ಪ್ಯಾಜೆಟ್, ಮೂಳೆ ಕಟ್ಟುವವರು ಗುಣಪಡಿಸುವ ಕಾಯಿಲೆಗಳ ಬಗ್ಗೆಯೇ ಉಪನ್ಯಾಸ ಮಾಡಿದರು. ಅವರಿಂದಾಗುವ ಕೇಡನ್ನು ಅವರು ಮುಚ್ಚಿಡಲಿಲ್ಲ. ಆದರೆ ಅವರಲ್ಲಿ ಒಳ್ಳೆಯದೇನಿದೆಯೋ ಅದನ್ನು ಕಲಿಯಿರಿ ಎಂಬುದು ವೈದ್ಯರಿಗೆ ಅವರ ಬುದ್ಧಿವಾದ. ವಾರ್ಟನ್ ಹುಡ್ ಎಂಬ ವೈದ್ಯ ರಿಚರ್ಡ್ ಹಟನ್ ಎಂಬ ಮೂಳೆ ಕಟ್ಟುವವನಿಂದ ಆ ವಿದ್ಯೆ ಕಲಿತು, 1871ರಲ್ಲಿ ಅದನ್ನು ‘ಲ್ಯಾನ್ಸೆಟ್’ ಪತ್ರಿಕೆಯಲ್ಲೇ ಬಯಲು ಮಾಡಿದ.

ಅದರ ಗುಟ್ಟು ಇಷ್ಟೆ. ಕೀಲಿಗೆ ಪೆಟ್ಟಾದರೆ ಡಾಕ್ಟರು ದಬ್ಬೆ ಕಟ್ಟಿ ವಾರಗಟ್ಟಲೆ ಅಲುಗಾಡದಂತೆ ಇಡುತ್ತಿದ್ದರು. ಪೆಟ್ಟು ಮಾಗಿದರೂ ಕೀಲು ಬಿಗಿದುಕೊಳ್ಳುತ್ತಿತ್ತು. ಮೂಳೆ ಕಟ್ಟುವವನು ನೋವಿನ ಜಾಗವನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು, ಕೀಲನ್ನು ಒಮ್ಮೆಲೇ ಮಡಚಿ ಎಳೆದು ಸಡಿಲಿಸುತ್ತಿದ್ದ. ಕಾಲನ್ನೇ ನಂಬಿ ಬದುಕುವ ಆಟಗಾರನಿಗೆ ಇದಕ್ಕಿಂತ ಇನ್ನೇನು ಬೇಕು! ಆದರೆ ಕೀಲಿನಲ್ಲಿ ಕ್ಷಯ ಸೇರಿಕೊಂಡಿದ್ದರೆ ಇದೇ ಎಳೆತ ಕಾಲಿಗೇ ಕುತ್ತು. ರಾಂಟ್‌ಜನ್ ಎಕ್ಸ್-ರೇ ಕಂಡುಹಿಡಿದದ್ದು 1895ರಲ್ಲಿ. ಅಲ್ಲಿಯವರೆಗೆ ಒಳಗೇನಾಗಿದೆ ಎಂಬುದು ಇಬ್ಬರಿಗೂ ಕೈಯಂದಾಜು.

ಈ ಜಗಳ ತಾರಕಕ್ಕೇರಿದ್ದು ಹರ್ಬರ್ಟ್ ಬಾರ್ಕರ್ ಕಾಲದಲ್ಲಿ. ವೈದ್ಯ ಪದವಿ ಇಲ್ಲದ ಈತನ ಬಳಿಗೆ ಮಂಡಿಯೊಳಗಿನ ಮೃದ್ವಸ್ಥಿ ಜಾರಿದ ಫುಟ್‌ಬಾಲ್ ಆಟಗಾರರು ಲಂಡನ್ನಿಗೆ ಹುಡುಕಿಕೊಂಡು ಬರುತ್ತಿದ್ದರು. ರೋಗಿಗೆ ನೋವಾಗದಿರಲೆಂದು ಅರಿವಳಿಕೆ ಕೊಡುತ್ತಿದ್ದವರು ಫ್ರೆಡರಿಕ್ ಆಕ್ಸಮ್ ಎಂಬ ವೃದ್ಧ ವೈದ್ಯರು. ಪದವಿಯಿಲ್ಲದವನಿಗೆ ನೆರವಾದ ತಪ್ಪಿಗೆ 1911ರಲ್ಲಿ ವೈದ್ಯಕೀಯ ಮಂಡಳಿ ಅವರ ಹೆಸರನ್ನು ಪಟ್ಟಿಯಿಂದ ಹೊಡೆದುಹಾಕಿತು. ಬಾರ್ಕರ್‌ಗೆ ಆದದ್ದೇ ಬೇರೆ. ಪತ್ರಿಕೆಗಳೂ ಗಣ್ಯರೂ ಬೆನ್ನಿಗಿದ್ದರು. 1922ರಲ್ಲಿ ‘ಸರ್’ ಪದವಿಯೇ ಬಂತು. ಶಿಕ್ಷೆ ಉಳಿದದ್ದು ಆಕ್ಸಮ್‌ಗೆ ಮಾತ್ರ. ಹೆಸರು ಮರಳಿ ಪಟ್ಟಿಗೆ ಸೇರದೆಯೇ ಅವರು 1926ರಲ್ಲಿ ತೀರಿಕೊಂಡರು.

ಹತ್ತು ವರ್ಷಗಳ ಬಳಿಕ, 1936ರಲ್ಲಿ, ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಬ್ರಿಟನ್ನಿನ ಮೂಳೆ ತಜ್ಞರು ನೆರೆದು, ಬಾರ್ಕರ್ ಕೀಲು ಸಡಿಲಿಸುವುದನ್ನು ನೋಡಿದರು. ಅವರೇ ಆತನನ್ನು ಕರೆಸಿಕೊಂಡಿದ್ದರು.