ಸುಂಕದ ಕಟ್ಟೆಯಿಂದ ಕ್ಯಾಮರಾದ ಕಣ್ಣಿನವರೆಗೆ

ನಮ್ಮ ಹಿಂದಿನ ಶಾಸ್ತ್ರಕಾರರು ವಾದದ ನಡುವೆ ಬಳಸುತ್ತಿದ್ದ ಲೌಕಿಕ ನ್ಯಾಯಗಳಲ್ಲಿ ‘ಘಟ್ಟಕುಟೀಪ್ರಭಾತ ನ್ಯಾಯ’ವೆಂಬುದು ಒಂದು. ಸುಂಕ ತೆರಲೊಲ್ಲದ ವರ್ತಕನೊಬ್ಬ ತನ್ನ ಗಾಡಿಯನ್ನು ಹೆದ್ದಾರಿಯಿಂದ ತಪ್ಪಿಸಿ, ಇರುಳೆಲ್ಲ ಅಡ್ಡದಾರಿಗಳಲ್ಲಿ ತೊಳಲಿ, ಬೆಳಗಾದಾಗ ಕಣ್ಣುಬಿಟ್ಟು ನೋಡುತ್ತಾನೆ: ಗಾಡಿ ಸುಂಕದ ಕಟ್ಟೆಯ ಬಾಗಿಲಲ್ಲೇ ನಿಂತಿದೆ! ಯಾವುದನ್ನು ತಪ್ಪಿಸಲು ಅಷ್ಟು ದೂರ ಬಂದನೋ ಅದೇ ಎದುರಾಯಿತು ಎಂಬುದು ಇದರ ತಾತ್ಪರ್ಯ. ದಾರಿಯಲ್ಲಿ ಹೋಗುವವನಿಗೂ ದಾರಿಯನ್ನು ಕಾಯುವವನಿಗೂ ನಡೆಯುವ ಈ ಕಣ್ಣುಮುಚ್ಚಾಲೆ ಎಷ್ಟು ಹಳೆಯದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಬೆಂಗಳೂರಿನ ಪಶ್ಚಿಮ ಮತ್ತು ದಕ್ಷಿಣಕ್ಕೆ ಹರಡಿರುವ ಮಾಗಡಿ, ರಾಮನಗರ, ಚನ್ನಪಟ್ಟಣ, ಕನಕಪುರದ ಸೀಮೆ ಈ ಕಥೆಯನ್ನು ಓದಿಕೊಳ್ಳಲು ಒಳ್ಳೆಯ ಪುಸ್ತಕದಂತಿದೆ. ಬೆಂಗಳೂರಿನಿಂದ ಮಾಗಡಿಗೆ ಹೊರಟವನಿಗೆ ಮೊದಲು ಸಿಕ್ಕುವ ಊರುಗಳಲ್ಲಿ ಒಂದರ ಹೆಸರೇ ಸುಂಕದಕಟ್ಟೆ. ಸಾವನದುರ್ಗ, ರಾಮಗಿರಿ, ಶಿವನಗಿರಿಗಳ ಬಂಡೆಗಳು ಶ್ರೀರಂಗಪಟ್ಟಣದ ದಾರಿಗಳ ಮೇಲೆ ಕಣ್ಣಿಟ್ಟು ಕುಳಿತ ಕಾವಲುಗಾರರು. 1791ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸನು ಸಾವನದುರ್ಗವನ್ನು ಮೊದಲು ಹಿಡಿದದ್ದು ಈ ದಾರಿಗಳು ತನ್ನ ಕೈಯಲ್ಲಿರಬೇಕೆಂದೇ. ಈ ನಾಲ್ಕು ತಾಲ್ಲೂಕುಗಳು ಸೇರಿ 2007ರಲ್ಲಿ ರಾಮನಗರ ಜಿಲ್ಲೆಯಾದವು. 2025ರಲ್ಲಿ ಅದಕ್ಕೆ ಬೆಂಗಳೂರು ದಕ್ಷಿಣವೆಂಬ ಹೆಸರನ್ನಿಡಲು ರಾಜ್ಯದ ಸಚಿವ ಸಂಪುಟ ಒಪ್ಪಿತು. ಹೆಸರು ಯಾವುದಾದರೇನು, ಇದು ದಾರಿಗಳ ಸೀಮೆ. ಒಂದು ದಾರಿ ಮೈಸೂರಿಗೆ, ಇನ್ನೊಂದು ಕನಕಪುರವನ್ನು ಹಾದು ಕೊಯಮತ್ತೂರಿಗೆ, ಮತ್ತೊಂದು ಮಾಗಡಿಯ ಮೂಲಕ ಕುಣಿಗಲ್ಲಿನ ಕಡೆಗೆ. ದಾರಿಗಳಿದ್ದಲ್ಲಿ ದಂಡವೂ ಇರುತ್ತದೆ, ದಂಡವಿದ್ದಲ್ಲಿ ಅದನ್ನು ತಪ್ಪಿಸುವ ಜಾಣ್ಮೆಯೂ ಇರುತ್ತದೆ.

ಗಾಡಿ ಹೊಡೆಯುವವನ ತಪ್ಪುಒಪ್ಪುಗಳನ್ನು ಕುರಿತ ವಿಚಾರ ಮೋಟಾರಿನೊಂದಿಗೆ ಹುಟ್ಟಿದ್ದೆಂದು ಹಲವರು ಭಾವಿಸಿದ್ದಾರೆ. ಹಾಗಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಎತ್ತಿನ ಮೂಗುದಾರ ಹರಿದರೆ, ನೊಗ ಮುರಿದರೆ, ‘ದೂರ ಸರಿ’ ಎಂದು ಕೂಗಿ ಹೇಳಿದ ಮೇಲೂ ಅಪಾಯ ಸಂಭವಿಸಿದರೆ ಸಾರಥಿಗೆ ಶಿಕ್ಷೆಯಿಲ್ಲವೆಂದು ಹೇಳಿದೆ. ಉಳಿದ ಸಂದರ್ಭಗಳಲ್ಲಿ ಹೊಣೆ ಅವನದೇ. ಗಾಡಿ ಹೊಡೆಯುವವನು ಬಾಲಕನಾಗಿದ್ದರೆ ಒಳಗೆ ಕುಳಿತ ಒಡೆಯನೇ ದಂಡಕ್ಕೆ ಗುರಿ. ಮನುಸ್ಮೃತಿಯೂ ಸಾರಥಿಯ ಅಕೌಶಲದಿಂದ ಹಾನಿಯಾದರೆ ಒಡೆಯನನ್ನು, ಕುಶಲನಾದ ಸಾರಥಿ ಎಚ್ಚರ ತಪ್ಪಿದರೆ ಸಾರಥಿಯನ್ನು ಹಿಡಿಯಬೇಕೆನ್ನುತ್ತದೆ. 2019ರಲ್ಲಿ ತಿದ್ದುಪಡಿಯಾದ ನಮ್ಮ ಮೋಟಾರು ವಾಹನ ಕಾಯಿದೆಯು ಅಪ್ರಾಪ್ತ ಬಾಲಕ ವಾಹನ ನಡೆಸಿ ಅಪರಾಧವೆಸಗಿದರೆ ಅವನ ಪೋಷಕನಿಗೆ ಅಥವಾ ವಾಹನದ ಒಡೆಯನಿಗೆ 25,000 ರೂಪಾಯಿ ದಂಡವನ್ನೂ ಮೂರು ವರ್ಷದವರೆಗೆ ಸೆರೆವಾಸವನ್ನೂ ವಿಧಿಸಿದಾಗ, ಇದೆಂಥ ಹೊಸ ಕಠೋರತೆ ಎಂದು ಉದ್ಗರಿಸಿದವರಿದ್ದರು. ಎರಡು ಸಾವಿರ ವರ್ಷಗಳ ಹಿಂದಿನ ವಿವೇಕವೇ ಅಲ್ಲಿ ಹೊಸ ಅಂಗಿ ತೊಟ್ಟು ಬಂದಿತ್ತೆಂಬುದನ್ನು ಅವರು ಗಮನಿಸಿರಲಿಲ್ಲ.

ಮೋಟಾರು ಬಂದ ಮೇಲೆ ಹೊಸದಾಗಿ ಸೇರಿಕೊಂಡದ್ದು ವೇಗ. ವೇಗದೊಂದಿಗೆ ಬಂದದ್ದು ಒಂದು ಬಗೆಯ ಅಭಿಮಾನ. ಇಂಗ್ಲೆಂಡಿನಲ್ಲಿ 1865ರ ಕಾಯಿದೆಯು ಯಂತ್ರದ ಗಾಡಿಗೆ ಹಳ್ಳಿಗಾಡಿನಲ್ಲಿ ಗಂಟೆಗೆ ನಾಲ್ಕು ಮೈಲಿ, ಪಟ್ಟಣದಲ್ಲಿ ಎರಡು ಮೈಲಿ ವೇಗವನ್ನು ಗೊತ್ತುಪಡಿಸಿ, ಕೆಂಪು ಬಾವುಟ ಹಿಡಿದ ಒಬ್ಬ ಮನುಷ್ಯ ಮುಂದೆ ನಡೆಯಬೇಕೆಂದು ವಿಧಿಸಿತ್ತು. 1903ರಲ್ಲಿ ಮಿತಿ ಇಪ್ಪತ್ತು ಮೈಲಿಗೆ ಏರಿತು. ಪೋಲೀಸರು ಬೇಲಿಯ ಮರೆಯಲ್ಲಿ ನಿಂತು ಗಡಿಯಾರ ಹಿಡಿದು ವೇಗ ಅಳೆಯತೊಡಗಿದರು. ಆಗ ಕಾರಿನ ಶ್ರೀಮಂತರು ಮಾಡಿದ್ದೇನು? 1905ರಲ್ಲಿ ಆಟೊಮೊಬೈಲ್ ಅಸೋಸಿಯೇಷನ್ ಎಂಬ ಸಂಘವನ್ನೇ ಕಟ್ಟಿದರು. ಮುಂದೆ ಪೋಲೀಸರಿದ್ದಾರೆಂದು ಸದಸ್ಯರಿಗೆ ಎಚ್ಚರ ಹೇಳುವುದೇ ಅದರ ಸೈಕಲ್ ದೂತರ ಮೊದಲ ಕೆಲಸ. 1910ರಲ್ಲಿ ನ್ಯಾಯಾಲಯವು ಹೀಗೆ ಎಚ್ಚರಿಸುವುದು ಪೋಲೀಸರ ಕರ್ತವ್ಯಕ್ಕೆ ಅಡ್ಡಿಯೆಂದು ತೀರ್ಪಿತ್ತಿತು. ಸಂಘವು ಹೊಸ ಉಪಾಯವನ್ನು ಹುಡುಕಿತು. ದೂತನು ಪ್ರತಿ ಸದಸ್ಯನಿಗೂ ಸಲಾಮು ಹೊಡೆಯಬೇಕು. ಹೊಡೆಯದಿದ್ದರೆ ‘ಮುಂದೆ ಅಪಾಯವಿದೆ’ ಎಂದು ತಿಳಿಯಬೇಕು. ಸಲಾಮು ಮಾಡದಿರುವುದನ್ನು ಯಾವ ನ್ಯಾಯಾಧೀಶ ಅಪರಾಧವೆಂದಾನು?

ನಮ್ಮ ಹೆದ್ದಾರಿಗಳಲ್ಲಿ ಎದುರಿನಿಂದ ಬರುವ ಲಾರಿಯವನು ಹಾಡುಹಗಲಿನಲ್ಲಿ ದೀಪವನ್ನು ಎರಡು ಸಲ ಮಿನುಗಿಸಿ ‘ಮುಂದೆ ಪೋಲೀಸರಿದ್ದಾರೆ’ ಎಂದು ಸೂಚಿಸುವುದು ಈ ಸಲಾಮಿನ ಸೋದರನೇ ಸರಿ. ಪರಸ್ಪರ ಹೆಸರು ತಿಳಿಯದ, ಮತ್ತೆಂದೂ ಭೇಟಿಯಾಗದ ಇಬ್ಬರ ನಡುವೆ ಇಂಥ ಉಪಕಾರಬುದ್ಧಿ ಬೇರಾವ ವಿಷಯದಲ್ಲಿಯೂ ಕಾಣದು! ಮುಂದೆ ತಿರುವಿದೆ, ಹಳ್ಳಿಯಿದೆ, ಶಾಲೆ ಬಿಡುವ ಹೊತ್ತಾಗಿದೆ ಎಂದು ಯಾರೂ ದೀಪ ಮಿನುಗಿಸುವುದಿಲ್ಲ. ಅಪಾಯವೆಂದರೆ ಪೋಲೀಸಿನವನು ಎಂಬ ಅರ್ಥ ನಮ್ಮ ಮನಸ್ಸಿನಲ್ಲಿ ಬೇರೂರಿಬಿಟ್ಟಿದೆ.

ಈ ಬೇರು ಕಾರಿನವರ ಮನೆಯಲ್ಲಿ ಮಾತ್ರ ಇದ್ದದ್ದಲ್ಲ. ಹಳೆಯ ಮೈಸೂರಿನ ಊರುಗಳಲ್ಲಿ ರಾತ್ರಿ ಬೈಸಿಕಲ್ಲಿಗೆ ದೀಪವಿಲ್ಲದಿದ್ದರೆ ತಪ್ಪು, ಒಂದೇ ಸೈಕಲ್ಲಿನಲ್ಲಿ ಇಬ್ಬರು ಕೂತರೆ ತಪ್ಪು. ವೃತ್ತದ ಬಳಿ ಪೋಲೀಸಿನವನ ಟೋಪಿ ಕಂಡೊಡನೆ ಹಿಂದಿನವನು ಇಳಿದು ನಡೆಯುವುದು, ಅವನನ್ನು ದಾಟಿದೊಡನೆ ಮತ್ತೆ ಹತ್ತುವುದು ಎಲ್ಲರಿಗೂ ಗೊತ್ತಿದ್ದ ವಿದ್ಯೆ. ಇಂದು ಹೆಲ್ಮೆಟ್ಟನ್ನು ಮೊಣಕೈಗೆ ನೇತುಹಾಕಿಕೊಂಡು ಬಂದು ವೃತ್ತದ ಬಳಿ ತಲೆಗೇರಿಸುವ ತರುಣನು ಆ ಸೈಕಲ್ ಸವಾರನ ಮೊಮ್ಮಗ. ಹಿಂದೆ ಕೂತವರಿಗೂ ಹೆಲ್ಮೆಟ್ ಬೇಕೆಂದು 2016ರ ಜನವರಿಯಲ್ಲಿ ರಾಜ್ಯಕ್ಕೆಲ್ಲ ನಿಯಮ ಬಂದಾಗ ಅರ್ಧ ಚಿಪ್ಪಿನಂಥ ಅಗ್ಗದ ಟೋಪಿಗಳು ರಸ್ತೆಬದಿಯಲ್ಲಿ ರಾಶಿರಾಶಿಯಾಗಿ ಮಾರಾಟವಾದವು. ಅವು ತಲೆಯನ್ನು ಕಾಯುವುದಕ್ಕಲ್ಲ, ಕೊಳ್ಳುವವರ ಜೇಬನ್ನು ಕಾಯುವುದಕ್ಕೆ.

ಆದರೂ ಜನರ ಮೇಲೆ ಮಾತ್ರ ತಪ್ಪು ಹೊರಿಸಿದರೆ ಇತಿಹಾಸಕ್ಕೆ ಅನ್ಯಾಯ ಮಾಡಿದಂತೆ. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಗೆ ಬರುವ ರೈತನಿಗೆ ಹೊತ್ತೇ ಹಣ. ಗೂಡಿನೊಳಗಿನ ಹುಳು ಚಿಟ್ಟೆಯಾಗಿ ಹೊರಬಂದರೆ ನೂಲು ಹರಿಯುತ್ತದೆ, ಬೆಳೆ ಹಾಳಾಗುತ್ತದೆ. ಹರಾಜಿನ ವೇಳೆಗೆ ತಲುಪಬೇಕೆಂಬ ಆತುರದಲ್ಲಿ ಮೂಟೆಯ ಮೇಲೆ ಮೂಟೆ ಹೇರಿಕೊಂಡು ಹೊರಟವನಿಗೆ ಕಾನೂನಿನ ಪುಸ್ತಕ ನೆನಪಾಗುವುದು ಕಷ್ಟ. ಬಸ್ಸಿಲ್ಲದ ಹಳ್ಳಿಯಿಂದ ಮದುವೆಗೆ ಹೊರಟ ದಿಬ್ಬಣ ಸರಕಿನ ಟೆಂಪೋ ಹತ್ತುವುದು ಉದ್ಧಟತನದಿಂದಲ್ಲ. ‘ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ’ ಎಂಬ ಗಾದೆ ಇಂಥವರ ಅನುಭವದಿಂದಲೇ ಹುಟ್ಟಿದ್ದು. ದಾರಿ ಕಾಯುವವನು ನ್ಯಾಯವನ್ನು ನೋಡುವುದಿಲ್ಲ, ವಸೂಲಿಯನ್ನು ಮಾತ್ರ ನೋಡುತ್ತಾನೆ ಎಂಬ ನಂಬಿಕೆ ಆ ಗಾದೆಯಲ್ಲಿದೆ. ಈ ನಂಬಿಕೆ ಇರುವಷ್ಟು ಕಾಲ ದಂಡ ತೆತ್ತವನು ‘ತಪ್ಪು ಮಾಡಿದೆ’ ಎನ್ನುವುದಿಲ್ಲ, ‘ಸಿಕ್ಕಿಬಿದ್ದೆ’ ಎನ್ನುತ್ತಾನೆ.

ಸರ್ಕಾರದ ನಡೆಯೂ ಈ ನಂಬಿಕೆಗೆ ನೀರೆರೆದದ್ದುಂಟು. ಭಾರತದ ಮೊದಲ ಮೋಟಾರು ವಾಹನ ಕಾಯಿದೆ 1914ರದು, ಅನಂತರ 1939ರದು, ಈಗಿರುವುದು 1988ರದು. ಈ ಕೊನೆಯದರಲ್ಲಿ ಸಾಮಾನ್ಯ ತಪ್ಪಿಗೆ ಮೊದಲ ಸಲದ ದಂಡ ನೂರು ರೂಪಾಯಿ ಮೀರುತ್ತಿರಲಿಲ್ಲ. ಮೂವತ್ತು ವರ್ಷ ಅದು ಹಾಗೆಯೇ ನಿಂತು, ಬೆಲೆಯೇರಿಕೆಯ ನಡುವೆ ಹಾಸ್ಯಾಸ್ಪದವಾಯಿತು. 2019ರ ಸೆಪ್ಟೆಂಬರ್ 1ರಿಂದ ದಂಡಗಳು ಒಮ್ಮೆಗೇ ಹಲವು ಪಟ್ಟು ಏರಿದವು. ಜನ ಗೊಣಗಿದರು. ಅದೇ ತಿಂಗಳಿನಲ್ಲಿ ಕರ್ನಾಟಕ ಸರ್ಕಾರ ಹಲವು ದಂಡಗಳನ್ನು ಇಳಿಸಿತು. ಹೆಲ್ಮೆಟ್ ಇಲ್ಲದ ತಪ್ಪಿಗೆ ಸಾವಿರವಿದ್ದದ್ದು ಐನೂರಾಯಿತು. 2023ರ ಫೆಬ್ರವರಿಯಲ್ಲಿ ಬಾಕಿ ದಂಡಗಳಿಗೆ ಅರ್ಧದಷ್ಟು ರಿಯಾಯಿತಿ ಘೋಷಿಸಿದಾಗ ಬೆಂಗಳೂರಿನಲ್ಲಿ ಕೆಲವೇ ದಿನಗಳಲ್ಲಿ 120 ಕೋಟಿ ರೂಪಾಯಿಗೂ ಮಿಕ್ಕಿ ವಸೂಲಾಯಿತು. ಬೊಕ್ಕಸಕ್ಕೆ ಇದು ಲಾಭ. ಬಾಕಿ ಕಡತಗಳೂ ಹಗುರಾದವು. ಆದರೆ ಮುಂದೆ ಇಂಥ ರಿಯಾಯಿತಿ ಮತ್ತೆ ಮತ್ತೆ ಬಂದಾಗ, ಹಬ್ಬದ ಸಂತೆಯಲ್ಲಿ ಬಟ್ಟೆಗೆ ಕಾಯುವಂತೆ ದಂಡ ಕಟ್ಟಲೂ ಕಾಯಬಹುದೆಂದು ಜನ ಕಲಿತರೆ ಅದರಲ್ಲಿ ಆಶ್ಚರ್ಯವೇನು?

ಈ ಹಿನ್ನೆಲೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಬೆಂಗಳೂರು–ಮೈಸೂರು ಹೊಸ ಹೆದ್ದಾರಿಯ ಪ್ರಸಂಗವನ್ನು ನೋಡಬೇಕು. ಹಳೆಯ ರಸ್ತೆ ಬಿಡದಿ, ರಾಮನಗರ, ಚನ್ನಪಟ್ಟಣಗಳ ಎದೆಯ ಮೇಲೆಯೇ ಹಾದುಹೋಗುತ್ತಿತ್ತು. ಚನ್ನಪಟ್ಟಣದ ಅಂಗಡಿಗಳ ಬಣ್ಣದ ಬೊಂಬೆಗಳು, ಮರದ ಪುಟ್ಟ ಗಾಡಿಗಳು ಪ್ರಯಾಣಿಕನ ಕಾಲನ್ನು ಹಿಡಿದು ನಿಲ್ಲಿಸುತ್ತಿದ್ದವು. ಪಟ್ಟಣದ ನೂಕುನುಗ್ಗಲೇ ವೇಗಕ್ಕೆ ಕಡಿವಾಣವಾಗಿತ್ತು. 2023ರ ಮಾರ್ಚ್ 12ರಂದು ಉದ್ಘಾಟನೆಯಾದ, ಸುಮಾರು 118 ಕಿಲೋಮೀಟರ್ ಉದ್ದದ ಹೊಸ ಹೆದ್ದಾರಿ ಈ ಊರುಗಳನ್ನು ಬಳಸಿಕೊಂಡು ಹೋಯಿತು. ನಡುವೆ ಆರು ಪಥ, ಅಕ್ಕಪಕ್ಕ ಸೇವಾ ರಸ್ತೆಗಳು. ಮೂರು ಗಂಟೆಯ ದಾರಿ ಅದರ ಅರ್ಧಕ್ಕಿಳಿಯಿತೆಂದು ಜನ ಹಿಗ್ಗಿದರು. ಹಿಗ್ಗು ಬಹಳ ಕಾಲ ನಿಲ್ಲಲಿಲ್ಲ. ಆ ವರ್ಷದ ಮೇ ತಿಂಗಳಲ್ಲಿ ಈ ದಾರಿಯಲ್ಲಿ ಸತ್ತವರು 29 ಮಂದಿ, ಜೂನ್‌ನಲ್ಲಿ 28 ಮಂದಿ.

ಎಲ್ಲ ಸಾವಿಗೂ ಚಾಲಕನೇ ಕಾರಣನೆನ್ನುವಂತಿರಲಿಲ್ಲ. ಒಳಹೋಗುವ ಹೊರಬರುವ ಕಡೆಗಳ ಗೊಂದಲ, ದಾಟಲು ಮೇಲ್ಸೇತುವೆಗಳ ಕೊರತೆ, ನಿರ್ಮಾಣದ ಲೋಪಗಳನ್ನು ಕುರಿತು ದೂರುಗಳಿದ್ದವು. ಉದ್ಘಾಟನೆಗೆ ಮುಂಚೆಯೇ, 2022ರ ಆಗಸ್ಟಿನ ಮಳೆಯಲ್ಲಿ, ರಾಮನಗರದ ಬಳಿ ರಸ್ತೆ ನೀರಿನಲ್ಲಿ ಮುಳುಗಿದ್ದನ್ನು ಜನ ಮರೆತಿರಲಿಲ್ಲ. ಹೀಗಿದ್ದರೂ ವೇಗದ ಮಿತಿ ಗಂಟೆಗೆ ನೂರು ಕಿಲೋಮೀಟರ್ ಎಂಬುದು ಫಲಕದಲ್ಲಿ ಮಾತ್ರ ಇತ್ತೆಂಬುದು ನಿಜ. ಜುಲೈ ಆರಂಭದಿಂದ ರಾಜ್ಯ ಪೋಲೀಸರು ರೇಡಾರ್ ಯಂತ್ರಗಳನ್ನು ಹಿಡಿದು ರಸ್ತೆಗಿಳಿದರು. ಆ ತಿಂಗಳಲ್ಲಿ ಸತ್ತವರ ಸಂಖ್ಯೆ 8. ದಂಡದ ಮೊತ್ತ ಜೂನ್‌ನಲ್ಲಿದ್ದಷ್ಟೇ, ರಸ್ತೆಯೂ ಅದೇ. ಬದಲಾದದ್ದು ಒಂದೇ: ಸಿಕ್ಕಿಬೀಳುತ್ತೇವೆಂಬ ಖಚಿತತೆ. ಶಿಕ್ಷೆಯ ಕ್ರೌರ್ಯಕ್ಕಿಂತ ಅದರ ನಿಶ್ಚಿತತೆಯೇ ಅಪರಾಧವನ್ನು ತಡೆಯುತ್ತದೆಂದು ಇಟಲಿಯ ಬೆಕ್ಕಾರಿಯಾ 1764ರಲ್ಲಿ ವಾದಿಸಿದ್ದ. ಒಂದು ತಿಂಗಳ ಲೆಕ್ಕ ಸಿದ್ಧಾಂತವನ್ನು ಸ್ಥಾಪಿಸದು. ಆದರೂ ಅವನ ಮಾತಿಗೆ ಬಿಡದಿ–ಚನ್ನಪಟ್ಟಣಗಳ ನಡುವೆ ಒಂದು ಉದಾಹರಣೆ ಸಿಕ್ಕಿತೆನ್ನಬಹುದು.

ಮುಂದಿನ ಹೆಜ್ಜೆ ಹೆಚ್ಚು ವಿವಾದಕ್ಕೆ ಎಡೆಗೊಟ್ಟಿತು. ಆಗಸ್ಟ್ 1ರಿಂದ ಮೋಟಾರ್ ಸೈಕಲ್, ಸ್ಕೂಟರ್, ಆಟೋರಿಕ್ಷಾ, ಟ್ರ್ಯಾಕ್ಟರುಗಳಿಗೆ ನಡುವಣ ಪಥಗಳಲ್ಲಿ ಪ್ರವೇಶ ನಿಷೇಧವಾಯಿತು; ಮೀರಿದವರಿಗೆ ಐನೂರು ರೂಪಾಯಿ ದಂಡ. ವೇಗದ ವಾಹನಗಳ ನಡುವೆ ನಿಧಾನದ ವಾಹನಗಳು ಸಿಕ್ಕಿದರೆ ಅಪಾಯ ಅವುಗಳಿಗೇ ಎಂಬುದು ಪ್ರಾಧಿಕಾರದ ತರ್ಕ, ಅದು ಸುಳ್ಳಲ್ಲ. ಆದರೆ ರಸ್ತೆಗೆ ನೆಲ ಬಿಟ್ಟುಕೊಟ್ಟ ಸೀಮೆಯ ರೈತನಿಗೆ ಅದು ಬೇರೆಯಾಗಿ ಕೇಳಿಸಿತು. ನೆಲ ನಮ್ಮದು, ದಾರಿ ಬೆಂಗಳೂರಿನ ಕಾರಿನವರದು, ದಂಡ ಮತ್ತೆ ನಮಗೆ ಎಂಬ ಭಾವನೆ ಹುಟ್ಟಿದ್ದು ಸಹಜ. ಸೇವಾ ರಸ್ತೆ ಎಲ್ಲಿ ತುಂಡಾಗಿದೆಯೋ ಅಲ್ಲಿ ಬೈಕಿನವನು ಹೆದ್ದಾರಿಗೆ ನುಗ್ಗುತ್ತಾನೆ. ತಿರುವು ದೂರವಾದಲ್ಲಿ ಎದುರು ದಿಕ್ಕಿನಲ್ಲೇ ಬರುತ್ತಾನೆ. ಅವನನ್ನು ತಡೆಯಲೇಬೇಕು. ಆದರೆ ತಡೆಯುವ ಮೊದಲು ಅವನಿಗೊಂದು ಸರಿಯಾದ ದಾರಿ ಕೊಟ್ಟಿದ್ದೇವೆಯೆ ಎಂದು ಕೇಳಿಕೊಳ್ಳುವುದು ಆಳುವವರ ಧರ್ಮ.

ಅನಂತರ ಬಂದದ್ದು ಕ್ಯಾಮರಾ. ಹೆದ್ದಾರಿಯ ಉದ್ದಕ್ಕೂ ನಿಂತ ಯಂತ್ರದ ಕಣ್ಣು ವೇಗವನ್ನೂ ಸೀಟ್ ಬೆಲ್ಟನ್ನೂ ನೋಡಿ ದಂಡದ ಚೀಟಿಯನ್ನು ಮನೆಗೇ ಕಳಿಸುತ್ತದೆ. 2024ರ ಆಗಸ್ಟಿನಿಂದ ರಾಜ್ಯದಲ್ಲಿ 130 ಕಿಲೋಮೀಟರ್ ಮೀರಿದವರ ಮೇಲೆ ಮೊಕದ್ದಮೆಯನ್ನೇ ಹೂಡುವ ನಿರ್ಧಾರವೂ ಬಂತು. ಯಂತ್ರಕ್ಕೆ ದಾಕ್ಷಿಣ್ಯವಿಲ್ಲ, ಲಂಚದ ಆಸೆಯಿಲ್ಲ, ‘ನಾನು ಯಾರು ಗೊತ್ತೆ’ ಎಂಬ ಪ್ರಶ್ನೆ ಅದಕ್ಕೆ ಕೇಳಿಸುವುದಿಲ್ಲ. ಇದು ದೊಡ್ಡ ಲಾಭ. ಆದರೆ ಕ್ಯಾಮರಾ ಇರುವಲ್ಲಿ ಬ್ರೇಕು, ದಾಟಿದ ಮೇಲೆ ಹಾರಾಟ, ನಂಬರ್ ಫಲಕಕ್ಕೆ ಮಸಿ ಎಂಬ ಜಾಣ್ಮೆಯೂ ಹಿಂದೆಯೇ ಬಂದಿತು. ಕಟ್ಟೆಯ ಸ್ವರೂಪ ಬದಲಾಯಿತು, ವರ್ತಕ ಬದಲಾಗಲಿಲ್ಲ.

ಹಾಗಾದರೆ ಈ ಕಾವಲು ಯಾರಿಗಾಗಿ? 2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ 74,897 ಮಂದಿ ದ್ವಿಚಕ್ರ ವಾಹನದಲ್ಲಿದ್ದವರು, 32,825 ಮಂದಿ ಪಾದಚಾರಿಗಳು. ಹೆಲ್ಮೆಟ್ ಧರಿಸದೆ ಸತ್ತವರೇ 50,029. ಅಂದರೆ ಕಾನೂನು ತನ್ನನ್ನು ಪೀಡಿಸುತ್ತದೆಂದು ಯಾರು ಹೆಚ್ಚಾಗಿ ನೊಂದುಕೊಳ್ಳುತ್ತಾರೋ, ಕಾನೂನು ಮುರಿದಾಗ ಮೊದಲು ಸಾಯುವವರೂ ಅವರೇ. ಪೋಲೀಸಿನವನಿಂದ ತಪ್ಪಿಸಿಕೊಳ್ಳಬಹುದು, ದಂಡಕ್ಕೆ ರಿಯಾಯಿತಿ ದೊರಕಬಹುದು. ರಸ್ತೆಯೇ ಎತ್ತುವ ಸುಂಕಕ್ಕೆ ರಿಯಾಯಿತಿಯಿಲ್ಲ.

ಭಯದಿಂದ ಹುಟ್ಟಿದ ಶಿಸ್ತು ಕಾವಲುಗಾರ ಕಣ್ಮರೆಯಾದೊಡನೆ ಕರಗುತ್ತದೆ ಎಂಬುದು ಸೈಕಲ್ಲಿನ ಕಾಲದಿಂದ ನಾವು ಕಂಡಿರುವ ಸಂಗತಿ. ಹಾಗೆಂದು ಕಾವಲು ಬೇಡವೆಂದಲ್ಲ. 2023ರ ಜುಲೈ ಅದರ ಬೆಲೆಯನ್ನು ತೋರಿಸಿದೆ. ಕಾವಲು ಎಲ್ಲರಿಗೂ ಒಂದೇ ಆಗಿರಲಿ, ದಿನವೂ ಇರಲಿ, ವಸೂಲಿಗಲ್ಲದೆ ರಕ್ಷಣೆಗಿದೆ ಎಂದು ಕಾಣುವಂತಿರಲಿ. ಸೇವಾ ರಸ್ತೆ ಪೂರ್ತಿಯಾಗಲಿ, ದಾಟುವವರಿಗೆ ಸೇತುವೆ ಬರಲಿ. ಆಗ ಎದುರಿನ ಲಾರಿಯವನು ದೀಪ ಮಿನುಗಿಸಿದರೆ, ಮುಂದೆ ಶಾಲೆಯ ಮಕ್ಕಳು ರಸ್ತೆ ದಾಟುತ್ತಿರಬಹುದೆಂದು ನಮಗೂ ಮೊದಲು ಅನ್ನಿಸೀತು.