ನಾನ್ಸಿ ಪಟ್ಟಣದ ಇಪ್ಪತ್ತು ಗಂಟುಗಳು

ಮನಸ್ಸಿನಲ್ಲಿ ನೆಲೆಗೊಂಡ ಚಿತ್ರವು ಶರೀರದಲ್ಲಿಯೂ ಬಾಳಿನಲ್ಲಿಯೂ ಫಲಿಸುವುದೆಂಬ ನಂಬಿಕೆ ಎಲ್ಲ ದೇಶಗಳಲ್ಲಿಯೂ ಪುರಾತನವಾದದ್ದು. ಆದರೆ ಅದನ್ನು ಮಂತ್ರವಾದಿಯ ಕೈಯಿಂದಲೂ ಪುರೋಹಿತನ ಕೈಯಿಂದಲೂ ಬಿಡಿಸಿ, ಯಾರು ಬೇಕಾದರೂ ತಮ್ಮ ಹಾಸಿಗೆಯಲ್ಲಿ ಮಲಗಿಕೊಂಡೇ ಅಭ್ಯಾಸಮಾಡಬಹುದಾದ ಒಂದು ದಿನಚರಿಯನ್ನಾಗಿ ಮಾಡಿದ ಕೀರ್ತಿ, ಬಹುಮಟ್ಟಿಗೆ, ಫ್ರಾನ್ಸಿನ ಲೊರೇನ್ ಪ್ರಾಂತದಲ್ಲಿರುವ ನಾನ್ಸಿ ಎಂಬ ಪಟ್ಟಣಕ್ಕೆ ಸಲ್ಲತಕ್ಕದ್ದು. ಅಲ್ಲಿ ಆ ವಿದ್ಯೆಯನ್ನು ಬಿತ್ತಿದವನು ಒಬ್ಬ ಹಳ್ಳಿಯ ವೈದ್ಯ; ಅದನ್ನು ಲೋಕಕ್ಕೆ ಹಂಚಿದವನು ಒಬ್ಬ ಔಷಧದ ಅಂಗಡಿಯವನು.

ವೈದ್ಯನ ಹೆಸರು ಲಿಯೆಬೋ (1823–1904). ನಾನ್ಸಿಯ ಸಮೀಪದಲ್ಲಿ ವೈದ್ಯವೃತ್ತಿಯನ್ನು ನಡೆಸುತ್ತಿದ್ದ ಈ ಸಾಧುಪುರುಷನು ತನ್ನಲ್ಲಿಗೆ ಬಂದ ರೈತರಿಗೆ ಎರಡು ಮಾರ್ಗಗಳನ್ನು ತೋರಿಸುತ್ತಿದ್ದನು: ವಾಡಿಕೆಯ ಔಷಧ ಬೇಕೆಂದರೆ ಶುಲ್ಕ ತೆರಬೇಕು, ಸಮ್ಮೋಹನನಿದ್ರೆಗೆ ಒಪ್ಪಿದರೆ ಚಿಕಿತ್ಸೆ ಉಚಿತ. ಲೊರೇನಿನ ರೈತರು ಕಾಸಿನ ಬೆಲೆ ಬಲ್ಲವರಾದ್ದರಿಂದ ಸಮ್ಮೋಹನಕ್ಕೆ ರೋಗಿಗಳ ಕೊರತೆಯಾಗಲಿಲ್ಲ. ರೋಗಿಯನ್ನು ಕುಳ್ಳಿರಿಸಿ, ನಿದ್ರೆ ಬರುತ್ತಿದೆ, ಕಣ್ಣೆವೆ ಭಾರವಾಗುತ್ತಿದೆ ಎಂದು ಮೃದುವಾಗಿ ನುಡಿದು, ಅನಂತರ ನೋವು ಹಿಂಜರಿಯುತ್ತಿದೆಯೆಂದು ಹೇಳುವುದಷ್ಟೇ ಅವನ ಕ್ರಮ. 1866ರಲ್ಲಿ ಅವನು ಪ್ರಕಟಿಸಿದ ಗ್ರಂಥವನ್ನು ಕೊಂಡವರು ತೀರ ವಿರಳ. ಸಹವೈದ್ಯರು ಅವನನ್ನು ತಲೆ ತಿರುಗಿದವನೆಂದೇ ಎಣಿಸಿದ್ದರು. 1882ರಲ್ಲಿ ನಾನ್ಸಿಯ ಪ್ರಾಧ್ಯಾಪಕ ಬೆರ್ನೆಮ್ ಕುತೂಹಲದಿಂದ ಆ ಚಿಕಿತ್ಸಾಲಯಕ್ಕೆ ಹೋಗಿ, ಅವಿಶ್ವಾಸದಿಂದಲೇ ನೋಡಿ, ಶಿಷ್ಯಭಾವದಿಂದ ಹಿಂದಿರುಗಿದ ಮೇಲೆ ಸ್ಥಿತಿ ಬದಲಾಯಿತು. ಪ್ಯಾರಿಸ್ಸಿನ ಮಹಾಪಂಡಿತ ಶಾರ್ಕೋ, ಸಮ್ಮೋಹನವು ಹಿಸ್ಟೀರಿಯಾ ರೋಗಿಗಳಲ್ಲಿ ಮಾತ್ರ ಕಾಣುವ ವಿಕಾರವೆಂದು ಸಾಧಿಸುತ್ತಿದ್ದಾಗ, ಅದು ಸೂಚನೆಯ ಫಲವೆಂದೂ, ಸೂಚನೆಗೆ ಓಗೊಡುವ ಗುಣ ಆರೋಗ್ಯವಂತರಲ್ಲಿಯೂ ಸಹಜವಾಗಿದೆಯೆಂದೂ ಬೆರ್ನೆಮ್ ವಾದಿಸಿದನು. ಕಾಲವು ನಾನ್ಸಿಯ ಪಕ್ಷಕ್ಕೇ ಜಯವನ್ನು ಕೊಟ್ಟಿತು. 1889ರಲ್ಲಿ ವಿಯೆನ್ನಾದಿಂದ ತರುಣ ವೈದ್ಯ ಫ್ರಾಯ್ಡ್ ಕೂಡ ಈ ಚಿಕಿತ್ಸೆಯನ್ನು ನೋಡಲು ನಾನ್ಸಿಗೆ ಬಂದಿದ್ದನು.

ಇನ್ನು ಔಷಧದ ಅಂಗಡಿಯವನ ಮಾತು. 1857ರಲ್ಲಿ ತ್ರ್ವಾ ಎಂಬ ಊರಿನಲ್ಲಿ ರೈಲ್ವೆ ನೌಕರನೊಬ್ಬನ ಮಗನಾಗಿ ಹುಟ್ಟಿದ ಎಮೀಲ್ ಕೂಯೆ, ರಸಾಯನಶಾಸ್ತ್ರದಲ್ಲಿ ಆಸೆಯಿಟ್ಟುಕೊಂಡಿದ್ದರೂ ಮನೆಯ ಸ್ಥಿತಿಗೆ ತಕ್ಕಂತೆ ಔಷಧವ್ಯಾಪಾರಕ್ಕೆ ಇಳಿದವನು. ಸೀಸೆಯನ್ನು ಗಿರಾಕಿಯ ಕೈಯಲ್ಲಿಡುವಾಗ ಅದರ ಗುಣವನ್ನು ಕುರಿತು ಎರಡು ಒಳ್ಳೆಯ ಮಾತು ಸೇರಿಸಿದರೆ, ಅದೇ ಔಷಧ ಹೆಚ್ಚು ಚೆನ್ನಾಗಿ ಹಿಡಿಯುತ್ತದೆಂಬುದು ಅವನ ಗಮನಕ್ಕೆ ಬಂತು. ಅನೇಕ ವ್ಯಾಪಾರಿಗಳಿಗೆ ಈ ಅನುಭವವಾಗಿದ್ದೀತು. ಅವರು ಅದರಿಂದ ಜಾಹೀರಾತನ್ನು ಕಲಿತರು. ಕೂಯೆ ಒಂದು ಪ್ರಶ್ನೆಯನ್ನು ಕಲಿತನು: ಹಾಗಾದರೆ ಗುಣ ಮಾಡಿದ್ದು ಸೀಸೆಯಲ್ಲಿದ್ದ ದ್ರವವೊ, ಕುಡಿದವನ ಕಲ್ಪನೆಯೊ? 1885ರ ಸುಮಾರಿಗೆ ಲಿಯೆಬೋನ ಪರಿಚಯವಾಗಿ ಸಮ್ಮೋಹನವನ್ನು ಅಭ್ಯಾಸಮಾಡಿದನಾದರೂ, ಎಲ್ಲರಿಗೂ ಆ ನಿದ್ರೆ ಬಾರದೆಂಬುದನ್ನು ಕಂಡು, ನಿದ್ರೆಯೇ ಅನಾವಶ್ಯಕವೆಂಬ ನಿಶ್ಚಯಕ್ಕೆ ಬಂದನು. ಹೊರಗಿನವನ ಸೂಚನೆಯು ಕೇಳುವವನ ಸ್ವಂತ ಸೂಚನೆಯಾಗಿ ಮಾರ್ಪಟ್ಟರಷ್ಟೆ ಫಲಿಸುವುದಾದರೆ, ಹೊರಗಿನವನಿಂದ ಆಗಬೇಕಾದದ್ದೇನು? 1910ರಲ್ಲಿ ವ್ಯಾಪಾರವನ್ನು ಬಿಟ್ಟು ನಾನ್ಸಿಯಲ್ಲಿ ನೆಲೆಸಿ, ತನ್ನ ಮನೆಯಲ್ಲಿಯೇ ಜನರನ್ನು ಗುಂಪುಗುಂಪಾಗಿ ಕೂಡಿಸಿಕೊಂಡು ಈ ವಿದ್ಯೆಯನ್ನು ಧರ್ಮಾರ್ಥವಾಗಿ ಹೇಳಿಕೊಡಲಾರಂಭಿಸಿದನು.

ಆ ಕೂಟದಲ್ಲಿ ಒಂದು ಚಿಕ್ಕ ಪರೀಕ್ಷೆ ನಡೆಯುತ್ತಿತ್ತು. ತೋಳುಗಳನ್ನು ನೀಡಿ, ಎರಡು ಕೈಗಳ ಬೆರಳುಗಳನ್ನೂ ಹೆಣೆದು, ನಡುಕ ಬರುವಷ್ಟು ಬಿಗಿಯಾಗಿ ಹಿಡಿದು, ‘ಬಿಡಿಸಬೇಕೆಂದಿದ್ದೇನೆ, ಆದರೆ ಆಗದು’ ಎಂದು ಎಡೆಬಿಡದೆ ನೆನೆಯಬೇಕು. ಬಿಡಿಸಲು ಎಳೆದಷ್ಟೂ ಬೆರಳು ಬಿಗಿಯುತ್ತಿದ್ದವು. ಅನಂತರ ‘ಆಗುತ್ತದೆ’ ಎಂದು ನೆನೆಯುವುದೇ ತಡ, ಬೆರಳು ತಾವಾಗಿ ಸಡಿಲಗೊಳ್ಳುತ್ತಿದ್ದವು. ಬಂದವರು ಬೆರಗಾಗಿ ನಗುತ್ತಿರುವಾಗಲೇ ಕೂಯೆ ತನ್ನ ಸಿದ್ಧಾಂತವನ್ನು ಹೇಳುವನು. ನೆಲದ ಮೇಲೆ ಹಾಸಿದ ಹಲಗೆಯ ಮೇಲೆ ಯಾರಾದರೂ ನಡೆದಾರು. ಅದೇ ಹಲಗೆಯನ್ನು ದೇವಾಲಯದ ಗೋಪುರದೆತ್ತರದಲ್ಲಿ ಇಟ್ಟರೆ, ನಡೆದೇ ತೀರುತ್ತೇನೆಂಬ ಸಂಕಲ್ಪ ಎಷ್ಟೇ ದೃಢವಾಗಿರಲಿ, ಬೀಳುವೆನೆಂಬ ಚಿತ್ರ ಕಣ್ಣ ಮುಂದೆ ನಿಂತವನು ಎರಡು ಹೆಜ್ಜೆ ಇಡಲಾರನು. ನಿದ್ರೆ ಬಾರದವನು ನಿದ್ರಿಸಲು ಪ್ರಯತ್ನಿಸಿದಷ್ಟೂ ಹೊರಳಾಡುತ್ತಾನೆ. ಸೈಕಲ್ ಕಲಿಯುವವನು ಯಾವ ಕಲ್ಲನ್ನು ತಪ್ಪಿಸಬೇಕೆಂದು ಹೆದರುತ್ತಾನೆಯೊ ಅದಕ್ಕೇ ಹೋಗಿ ಹಾಯುತ್ತಾನೆ. ಇಚ್ಛೆಗೂ ಕಲ್ಪನೆಗೂ ವಿರೋಧ ಬಂದಲ್ಲಿ ಗೆಲ್ಲುವುದು ಕಲ್ಪನೆ. ಇಚ್ಛೆಯ ಒತ್ತಾಯ ಹೆಚ್ಚಿದಷ್ಟೂ ಸೋಲೂ ಹೆಚ್ಚು. ಜಿನೀವಾದ ವಿದ್ವಾಂಸ ಬೋದ್ವೆಂ 1920ರ ತನ್ನ ಗ್ರಂಥದಲ್ಲಿ ಇದಕ್ಕೆ ವಿಪರೀತಪ್ರಯತ್ನದ ನಿಯಮವೆಂದು ಹೆಸರಿಟ್ಟನು. ಪತಂಜಲಿಯೂ ಆಸನಸಿದ್ಧಿಗೆ ಪ್ರಯತ್ನಶೈಥಿಲ್ಯವನ್ನು ವಿಧಿಸಿರುವುದು ನಮ್ಮ ಓದುಗರಿಗೆ ನೆನಪಾದೀತು. ಆದರೆ ಅಂಗಡಿಯ ಕಟ್ಟೆಯ ಹಿಂದೆ ನಿಂತು ಕಲಿತ ಕೂಯೆಯನ್ನು ಯೋಗಶಾಸ್ತ್ರದ ಶಿಷ್ಯನನ್ನಾಗಿ ಮಾಡಲು ನಾನು ಹೊರಟಿಲ್ಲ.

ಅಭ್ಯಾಸದ ವಿಧಿ ಅತ್ಯಂತ ಸರಳ. ಇಪ್ಪತ್ತು ಗಂಟುಗಳನ್ನು ಹಾಕಿದ ಒಂದು ದಾರವನ್ನು ಇಟ್ಟುಕೊಂಡು, ಬೆಳಗ್ಗೆ ಏಳುವ ಮುನ್ನವೂ ರಾತ್ರಿ ಮಲಗಿದೊಡನೆಯೂ ಕಣ್ಣು ಮುಚ್ಚಿ, ಜಪಮಾಲೆಯ ಮಣಿಗಳಂತೆ ಗಂಟುಗಳನ್ನು ಸರಿಸುತ್ತ, ದಿನದಿನಕ್ಕೂ ತಾನು ಎಲ್ಲ ವಿಧದಲ್ಲಿಯೂ ಉತ್ತಮಗೊಳ್ಳುತ್ತಿರುವೆನೆಂಬ ಅರ್ಥದ ಒಂದೇ ವಾಕ್ಯವನ್ನು ತನ್ನ ಕಿವಿಗೆ ಕೇಳುವಷ್ಟು ಮೆಲ್ಲಗೆ ಇಪ್ಪತ್ತು ಬಾರಿ ಉಚ್ಚರಿಸಬೇಕು. ದನಿಯಲ್ಲಿ ಏರಿಳಿತವಿರಬಾರದು, ಹುಬ್ಬು ಗಂಟಿಕ್ಕಬಾರದು, ಅರ್ಥವನ್ನು ಬಲವಂತವಾಗಿ ಚಿಂತಿಸಬಾರದು. ನಿದ್ರೆಯ ಹೊಸ್ತಿಲಲ್ಲಿ ದೇಹವೂ ಮನಸ್ಸೂ ಸಡಿಲವಾಗಿರುವುದರಿಂದಲೇ ಆ ಹೊತ್ತನ್ನು ಆರಿಸಿದ್ದು. ಎಲ್ಲಾದರೂ ನೋವು ಕಂಡರೆ, ಆ ಜಾಗವನ್ನು ಕೈಯಿಂದ ನೇವರಿಸುತ್ತ, ಹೋಗುತ್ತಿದೆ ಹೋಗುತ್ತಿದೆ ಎಂದು, ನಡುವೆ ವಿರುದ್ಧವಾದ ಯೋಚನೆ ನುಸುಳಲು ಎಡೆಯಿಲ್ಲದಷ್ಟು ಬೇಗಬೇಗ ನುಡಿಯಬೇಕು. ‘ಎಲ್ಲ ವಿಧದಲ್ಲಿಯೂ’ ಎಂದು ಹೇಳಿಬಿಟ್ಟ ಮೇಲೆ ಬಯಕೆಗಳ ಪಟ್ಟಿ ಮಾಡುವ ಕೆಲಸವಿಲ್ಲ. ಇದರಲ್ಲಿ ಕೂಯೆಯ ಜಾಣತನವೆಲ್ಲ ಅಡಗಿದೆಯೆಂದು ನನಗೆ ತೋರುತ್ತದೆ.

ಅವನು ಹಾಕಿದ ಎಲ್ಲೆಯನ್ನೂ ಇಲ್ಲಿ ಹೇಳಬೇಕು. ಬಯಸಿದ ವಿಷಯ ಸಾಧ್ಯವಾದದ್ದಾಗಿರಬೇಕು, ವೈದ್ಯನನ್ನು ಬಿಡಬಾರದು, ತಾನು ಯಾರನ್ನೂ ಗುಣಪಡಿಸಿದವನಲ್ಲ, ಬಂದವರು ತಮ್ಮನ್ನು ತಾವೇ ಗುಣಪಡಿಸಿಕೊಂಡರು ಎಂದು ಅವನು ಸಾರುತ್ತಿದ್ದನು. ತಾನಾಗಿಯೇ ವಾಸಿಯಾಗುವ ರೋಗವನ್ನೂ ಅಭ್ಯಾಸದಿಂದ ವಾಸಿಯಾದ ರೋಗವನ್ನೂ ಬೇರ್ಪಡಿಸಿ ನೋಡುವ ಕಟ್ಟುನಿಟ್ಟು ಮಾತ್ರ ಆ ಮನೆಯಲ್ಲಿರಲಿಲ್ಲ. ವೈದ್ಯರ ಆಕ್ಷೇಪಣೆ ಆ ಮಟ್ಟಿಗೆ ನ್ಯಾಯವಾದದ್ದೇ.

1923ರ ಆರಂಭದಲ್ಲಿ ಕೂಯೆ ಅಮೆರಿಕೆಗೆ ಹೋದಾಗ ಪತ್ರಿಕೆಗಳು ಮುಗಿಬಿದ್ದವು, ಹಾಸ್ಯಗಾರರೂ ಮುಗಿಬಿದ್ದರು. ಆ ದೇಶದಲ್ಲಿ ಮೇನ್ ಪ್ರಾಂತದ ಗಡಿಯಾರಗಾರ ಕ್ವಿಂಬಿಯ (1802–1866) ಕಾಲದಿಂದಲೇ ಮನೋಬಲದ ಚಿಕಿತ್ಸೆಯ ಸಂಪ್ರದಾಯವೊಂದು ಬೆಳೆದುಬಂದಿದ್ದು, ಅದು ಕ್ರಮೇಣ ಆರೋಗ್ಯದಿಂದ ಐಶ್ವರ್ಯದ ಕಡೆಗೆ ತಿರುಗಿತ್ತು. 1937ರಲ್ಲಿ ಹೊರಬಂದ ನೆಪೋಲಿಯನ್ ಹಿಲ್‌ನ ಧನಾರ್ಜನೆಯ ಪುಸ್ತಕದಲ್ಲಿ ಸ್ವಯಂಸೂಚನೆಗೇ ಒಂದು ಅಧ್ಯಾಯ ಮೀಸಲಾಯಿತು. ಅಲ್ಲಿ ದಾರದ ಜಾಗಕ್ಕೆ ಹಣದ ಮೊತ್ತವೂ, ಶೈಥಿಲ್ಯದ ಜಾಗಕ್ಕೆ ಉತ್ಕಟವಾದ ಬಯಕೆಯೂ ಬಂದು ಕುಳಿತವು. ಇಂದು ಬಯಸಿದ್ದನ್ನು ಕಲ್ಪಿಸಿ ಪಡೆಯಿರೆಂದು ದುಬಾರಿ ಶಿಬಿರಗಳನ್ನು ನಡೆಸುವವರು ಈ ಐಶ್ವರ್ಯದ ಶಾಖೆಯ ವಂಶದವರು. ಕೂಯೆಯ ಶೈಥಿಲ್ಯದ ಶಾಖೆ, ಸದ್ದುಗದ್ದಲವಿಲ್ಲದೆ, ಬರ್ಲಿನ್ನಿನ ವೈದ್ಯ ಶುಲ್ಟ್ಸ್ 1932ರಲ್ಲಿ ಪ್ರಕಟಿಸಿದ ಅಂಗಶೈಥಿಲ್ಯದ ಅಭ್ಯಾಸಕ್ರಮದಂಥವುಗಳ ನೆರೆಯಲ್ಲಿ ಉಳಿದುಕೊಂಡಿತು.

ಕೂಯೆ 1926ರ ಜುಲೈ 2ರಂದು ನಾನ್ಸಿಯಲ್ಲಿಯೇ ತೀರಿಕೊಂಡನು. ಸ್ವಯಂಸೂಚನೆಯನ್ನು ಕುರಿತು ಅವನು ಬರೆದದ್ದು ಒಂದು ಸಂಜೆಗೆ ಓದಿ ಮುಗಿಸಬಹುದಾದ ಕಿರುಹೊತ್ತಗೆ. ಶಿಬಿರಕ್ಕೆ ಹಣ ಕಟ್ಟಲು ಹೊರಟಿರುವ ಓದುಗರು ಅದಕ್ಕೆ ಮೊದಲು ಅದನ್ನೊಮ್ಮೆ ತರಿಸಿಕೊಂಡು ನೋಡುವುದು ಒಳ್ಳೆಯದು.