ರಘು ದೀಕ್ಷಿತ್ (ಆಲ್ಬಮ್)
ಬೆಂಗಳೂರಿನ ಜನಪದ-ರಾಕ್ ತಂಡವಾದ 'ದ ರಘು ದೀಕ್ಷಿತ್ ಪ್ರಾಜೆಕ್ಟ್'ನ ಮೊದಲ ಸ್ಟುಡಿಯೊ ಆಲ್ಬಮ್. 2008ರಲ್ಲಿ ಬಿಡುಗಡೆಯಾಯಿತು, ಮುಂಬೈನ ಸಂಗೀತ ನಿರ್ದೇಶಕರಾದ ವಿಶಾಲ್-ಶೇಖರ್ ತಮ್ಮ 'ಕೌಂಟರ್ ಕಲ್ಚರ್ ರೆಕಾರ್ಡ್ಸ್' ಸಂಸ್ಥೆಯಿಂದ ಹೊರತಂದರು. ನಾಸಿಕದಲ್ಲಿ ಹುಟ್ಟಿ ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ (ಜನನ 1974) ಇದರ ಮುಖ್ಯ ಗಾಯಕ, ಸಂಯೋಜಕ. ಹಾಡುಗಳು ಕನ್ನಡ, ಹಿಂದಿ ಹಾಗೂ ಇಂಗ್ಲಿಷಿನಲ್ಲಿವೆ. ಸಂತಕವಿ ಶಿಶುನಾಳ ಶರೀಫರ (1819–1889) 'ಗುಡುಗುಡಿಯ ಸೇದಿ ನೋಡೊ', 'ಸೋರುತಿಹುದು ಮನಿಯ ಮಾಳಿಗಿ' ತತ್ತ್ವಪದಗಳನ್ನು (ಅನುಭಾವದ ಹಾಡುಗಳನ್ನು) ಗಿಟಾರ್, ಡ್ರಮ್ಸ್, ಪಿಟೀಲುಗಳ ಮೇಳದಲ್ಲಿ ಹೊಸದಾಗಿ ಅಳವಡಿಸಲಾಗಿದೆ. ಇಂಗ್ಲಿಷ್ ಗೀತೆಯೊಂದು ಮುಂಬೈಯಲ್ಲಿ ಅವಕಾಶಕ್ಕಾಗಿ ಕಾಯುವುದನ್ನು ಕುರಿತದ್ದು. 2010ರಲ್ಲಿ ಆಲ್ಬಮ್ ಬ್ರಿಟನ್ನಿನ ಐಟ್ಯೂನ್ಸ್ ವಿಶ್ವಸಂಗೀತ ಪಟ್ಟಿಯಲ್ಲಿ ಅಗ್ರಸ್ಥಾನ ಪಡೆಯಿತು. 2011ರಲ್ಲಿ ದೀಕ್ಷಿತರಿಗೆ 'ಸಾಂಗ್‌ಲೈನ್ಸ್' ಪತ್ರಿಕೆಯ ಹೊಸ ಪ್ರತಿಭೆ ಪ್ರಶಸ್ತಿ ದೊರೆಯಿತು. ತತ್ತ್ವಪದ ಪರಂಪರೆಯನ್ನು ಹೊರದೇಶದ ಶ್ರೋತೃಗಳಿಗೆ ತಲುಪಿಸಿದ್ದು ಈ ಆಲ್ಬಮ್‌ನ ಮಹತ್ವ. ತಂಡದ ಮುಂದಿನ ಆಲ್ಬಮ್ 'ಜಗ್ ಚಂಗಾ' (2013).